ಹೆಲ್ಮೆಟ್ಟು ಉಳಿಸಿದ ಮನುಷ್ಯ

ಗಾಜಿನ ಬಾಟಲಿ ತಯಾರಿಸುವ ಆ ಕಾರ್ಖಾನೆಯಲ್ಲಿ ಗಟ್ಟಿಪಿಂಡ ಯಾರು ಎಂದು ಕೇಳಿದರೆ, ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳ ತನಕ ಎಲ್ಲರ ಬೆರಳೂ ಒಬ್ಬನ ಕಡೆಗೇ ತಿರುಗುತ್ತದೆ. ನೋಡಿದರೆ ಆ ಹೆಸರಿಗೂ ಮನುಷ್ಯನಿಗೂ ಸಂಬಂಧವೇ ಇಲ್ಲ. ಸಣಕಲು ಮೈ, ಎಳೆದು ಹಾಕುವ ಎಡಗಾಲು, ಜೋರಾಗಿ ಸೀನಿದರೆ ತಾನೇ ಹಿಂದಕ್ಕೆ ಬಿದ್ದಾನೇನೋ ಅನ್ನಿಸುವ ಆಸಾಮಿ. ಆದರೆ ಆರು ವರ್ಷದ ಹಿಂದೆ ರಸ್ತೆಯಲ್ಲಿ ಸತ್ತೇಹೋಗಬೇಕಿದ್ದವನು ಸಾಯಲಿಲ್ಲವಲ್ಲ, ಅದಕ್ಕೆ ಆ ಹೆಸರು. ಕಿರಿಯರು ಮರ್ಯಾದೆಗೆ ಗಟ್ಟಿಯಣ್ಣ ಅನ್ನುತ್ತಾರೆ. ಹೆಂಡತಿ ಮಾತ್ರ ಇದ್ಯಾವುದೂ ಅಲ್ಲದೆ "ರೀ" ಅನ್ನುತ್ತಾಳೆ.

ಅವನ ಕೆಲಸ ಕೂತು ಮಾಡುವಂಥದ್ದು. ಕುಲುಮೆಯಲ್ಲಿ ಹುಟ್ಟಿ, ತಣ್ಣಗಾಗಿ, ಬೆಲ್ಟಿನ ಮೇಲೆ ಸಾಲುಗಟ್ಟಿ ಬರುವ ಬಾಟಲಿಗಳ ಹಿಂದೆ ಒಂದು ಬಿಳಿ ಬೆಳಕಿನ ಹಲಗೆ ಉರಿಯುತ್ತಿರುತ್ತದೆ. ಅದರ ಎದುರಿನ ಕುರ್ಚಿಯಲ್ಲಿ ಕೂತು ಗುಳ್ಳೆ ಇದ್ದದ್ದು, ಕತ್ತು ಸೊಟ್ಟಗಾದದ್ದು, ಕೂದಲೆಳೆಯಷ್ಟು ಬಿರುಕು ಬಿಟ್ಟದ್ದು ಕಂಡರೆ ಕೈ ಹಾಕಿ ಎತ್ತಿ ಪಕ್ಕದ ಡಬ್ಬಕ್ಕೆ ಎಸೆಯಬೇಕು. ಎಸೆದದ್ದು ಮತ್ತೆ ಕುಲುಮೆಗೇ ಹೋಗುತ್ತದೆ. ನಲವತ್ತು ನಿಮಿಷ ನೋಡಿದರೆ ಹತ್ತು ನಿಮಿಷ ಕಣ್ಣಿಗೆ ಬಿಡುವು. ಬಿಡುವಿನಲ್ಲೂ ಕಣ್ಣು ಮುಚ್ಚಿದರೆ ಬಾಟಲಿಗಳು ಬರುತ್ತಲೇ ಇರುತ್ತವೆ ಎಂದು ಅವನು ಹೇಳುತ್ತಾನೆ.

ಇದು ಸಂಬಳದ ಕೆಲಸ. ಅವನ ಇನ್ನೊಂದು ಕೆಲಸ ಸೋಮವಾರದ್ದು.

ಪ್ರತಿ ಸೋಮವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ, ಮೊದಲ ಪಾಳಿಯವರೆಲ್ಲ ಗೋದಾಮಿನ ಮುಂದಿನ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಸೇಫ್ಟಿ ಸಾಹೇಬರು ಗೇಟಿನ ಪಕ್ಕದ ಗಾಜಿನ ಪೆಟ್ಟಿಗೆಯ ಬೀಗ ತೆಗೆಸಿ, ಒಳಗಿರುವ ಒಡೆದ ಹಳದಿ ಹೆಲ್ಮೆಟ್ಟನ್ನು ತರಿಸುತ್ತಾರೆ. ಗಟ್ಟಿಪಿಂಡ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಾನೆ. ಬಲಗಡೆ ಕಿವಿಯ ಮೇಲಿನಿಂದ ನೆತ್ತಿಯವರೆಗೆ ಸೀಳು, ಸೀಳಿನೊಳಗೆ ಜಜ್ಜಿಹೋದ ಥರ್ಮೋಕೋಲು.

"ಇದು ನನ್ನ ತಲೆ ಆಗಬೇಕಿತ್ತು," ಎಂದು ಅವನು ಶುರುಮಾಡುತ್ತಾನೆ. "ಒಂದೇ ಬೈಕು. ಇಬ್ಬರಿದ್ವಿ. ಒಬ್ಬ ಹಾಕಿದ್ದ, ಒಬ್ಬ ಹಾಕಿರಲಿಲ್ಲ. ಹಾಕಿದವನು ನಿಮ್ಮ ಮುಂದೆ ನಿಂತಿದ್ದಾನೆ."

ಹಾಕದವನು ಯಾರು ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಆ ಕಾರ್ಖಾನೆಯ ಫಿಟ್ಟರ್. ಬೆಲ್ಟು ನಿಂತರೆ, ಸರಪಳಿ ಕಳಚಿದರೆ ಓಡಿಬರುತ್ತಿದ್ದವನು. ಹೆಲ್ಮೆಟ್ಟಿನ ವಿಷಯದಲ್ಲಂತೂ ಎಂಥ ಕಟ್ಟುನಿಟ್ಟು ಎಂದರೆ, ಪೆಟ್ರೋಲ್ ಮುಗಿದ ಬೈಕನ್ನು ತಳ್ಳಿಕೊಂಡು ಹೋಗುವಾಗಲೂ ಹಾಕಿಕೊಂಡೇ ಇರುತ್ತಿದ್ದ. ಸಾಹೇಬರು ತಮ್ಮ ಕೊನೆಯ ಮಾತಿನಲ್ಲಿ ಅದನ್ನೇ ಹಿಡಿಯುತ್ತಾರೆ: "ಹತ್ತು ವರ್ಷ ಹಾಕ್ಕೊಂಡ. ಒಂದು ದಿನ ಉದಾಸೀನ ಮಾಡಿದ. ಆ ಒಂದು ದಿನಕ್ಕೇ ಹೋದ." ಸಾಲಿನ ಬಲತುದಿಯಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸರು ನಿಂತಿರುತ್ತಾರೆ. ಅವರ ನಡುವೆ ಫಿಟ್ಟರನ ಹೆಂಡತಿ. ಗಂಡ ಸತ್ತಮೇಲೆ ಕರುಣೆಯ ಮೇಲೆ ಕೊಟ್ಟ ಕೆಲಸ ಅವಳದು. ವರ್ಷಕ್ಕೆ ಐವತ್ತು ಸೋಮವಾರ ಅಂದರೂ ಆರು ವರ್ಷಕ್ಕೆ ಎಷ್ಟಾಯಿತು, ಲೆಕ್ಕ ನೀವೇ ಹಾಕಿ. ಅಷ್ಟು ಸಲ ಅವಳು ನೆಲ ನೋಡುತ್ತ ಇದನ್ನು ಕೇಳಿದ್ದಾಳೆ.

ಗಟ್ಟಿಪಿಂಡನ ಭಾಷಣದಲ್ಲಿ ಒಂದೇ ಒಂದು ಸುಳ್ಳಿಲ್ಲ. ಅವನು ಹಾಕಿದ್ದ, ಹೌದು. ಫಿಟ್ಟರ್ ಹಾಕಿರಲಿಲ್ಲ, ಅದೂ ಹೌದು. ಅವನು ಆರು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡದ್ದು ಇದರಿಂದಲೇ. ಹೇಳದೆ ಬಿಟ್ಟದ್ದು ಒಂದೇ ಸಂಗತಿ. ಅವನ ತಲೆಯ ಮೇಲಿದ್ದ ಆ ಹೆಲ್ಮೆಟ್ಟು ಫಿಟ್ಟರನದು.

ಆಗಿದ್ದು ಹೀಗೆ. ಆಗ ಗಟ್ಟಿಪಿಂಡನಿಗೆ ಈ ಹೆಸರಿರಲಿಲ್ಲ, ಕಾಲೂ ನೆಟ್ಟಗಿತ್ತು, ಕೆಲಸ ಮಾತ್ರ ಕಾಂಟ್ರಾಕ್ಟಿನದು. ಇಬ್ಬರೂ ಒಂದೇ ವಾರಿಗೆಯವರು, ಒಬ್ಬರ ತಟ್ಟೆಯಲ್ಲಿ ಒಬ್ಬರು ಕೈ ಹಾಕಿ ತಿನ್ನುವಷ್ಟು ಸಲಿಗೆ. ದಿನಾ ಬೆಳಿಗ್ಗೆ ಫಿಟ್ಟರ್ ತನ್ನ ಬೈಕಿನಲ್ಲಿ ಬಂದು ಬೀದಿಯ ಮೂಲೆಯಲ್ಲಿ ಹಾರ್ನ್ ಹೊಡೆಯುತ್ತಿದ್ದ, ಇವನು ಓಡಿಹೋಗಿ ಹಿಂದೆ ಕೂರುತ್ತಿದ್ದ. ಕಾರ್ಖಾನೆಯ ನಿಯಮ ಬಿಗಿ. ಗೇಟಿನಲ್ಲಿ ಕಾವಲುಗಾರ ಮುಂದಿನ ತಲೆ, ಹಿಂದಿನ ತಲೆ ಎರಡನ್ನೂ ನೋಡುತ್ತಾನೆ. ಬರಿದಲೆ ಕಂಡರೆ ಪುಸ್ತಕದಲ್ಲಿ ಆ ಟೋಕನ್ ನಂಬರಿನ ಮುಂದೆ ಕೆಂಪು ಚುಕ್ಕೆ. ಕಾಯಂ ನೌಕರನಿಗೆ ಮೂರು ಚುಕ್ಕೆ ಬಿದ್ದರೆ ಒಂದು ಎಚ್ಚರಿಕೆ ಪತ್ರ. ಕಾಂಟ್ರಾಕ್ಟಿನವನಿಗೆ ಮೂರು ಬಿದ್ದರೆ ನಾಳೆಯಿಂದ ಬರಬೇಡ ಅಂತ. ಆ ತಿಂಗಳು ಇವನಿಗೆ ಆಗಲೇ ಎರಡು ಬಿದ್ದಿದ್ದವು. ಒಂದು, ಹೆಲ್ಮೆಟ್ಟನ್ನು ತಲೆಗೆ ಹಾಕುವ ಬದಲು ಮೊಣಕೈಗೆ ಸಿಕ್ಕಿಸಿಕೊಂಡು ಬಂದದ್ದಕ್ಕೆ. ಇನ್ನೊಂದು, ಪಟ್ಟಿ ಬಿಗಿಯದೆ ಸುಮ್ಮನೆ ಟೋಪಿಯ ಹಾಗೆ ಇಟ್ಟುಕೊಂಡದ್ದಕ್ಕೆ. ಮುಂದಿನ ತಿಂಗಳು ಕಾಯಂ ಆಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು.

ಆ ದಿನ ಬೆಳಿಗ್ಗೆ ಬೆವರು ನಾತ ಎಂದು ಹೆಂಡತಿ ಹೆಲ್ಮೆಟ್ಟಿನ ಪಟ್ಟಿಯನ್ನು ತೊಳೆದು, ಹೆಲ್ಮೆಟ್ಟನ್ನು ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಳು. ಹಾರ್ನ್ ಕೇಳಿದ್ದೇ ಇವನು ಬರಿದಲೆಯಲ್ಲಿ ಓಡಿದ. ಪೆಟ್ರೋಲ್ ಬಂಕ್ ದಾಟಿದ ಮೇಲೆ ತಲೆಗೆ ಗಾಳಿ ಬಡಿಯುತ್ತಿದೆಯಲ್ಲ ಎಂದು ಕೈ ಇಟ್ಟು ನೋಡಿಕೊಂಡ. ವಾಪಸ್ಸು ಹೋಗಲು ಹೊತ್ತಿರಲಿಲ್ಲ.

"ಸತ್ತೆ ಕಣೋ," ಎಂದ. "ಮೂರನೇದು ಬೀಳುತ್ತೆ."

ಫಿಟ್ಟರ್ ಸೇತುವೆಯ ಹತ್ತಿರ ಬೈಕು ನಿಲ್ಲಿಸಿದ. ತನ್ನ ಹೆಲ್ಮೆಟ್ಟು ತೆಗೆದು ಇವನ ತಲೆಗೆ ಹಾಕಿ, ಮಗುವಿಗೆ ಹಾಕುವ ಹಾಗೆ ಗಲ್ಲದ ಕೆಳಗೆ ಪಟ್ಟಿ ಎಳೆದು ಟಕ್ಕನೆ ಬಿಗಿದ. "ನಾನು ಪರ್ಮನೆಂಟು. ನಂಗೊಂದು ಚುಕ್ಕೆ ಬಿದ್ರೆ ಗೇಟಿನವನಿಗೆ ಖುಷಿಯಾಗುತ್ತೆ ಬಿಡು, ಹತ್ತು ವರ್ಷದಿಂದ ಪೆನ್ನು ಹಿಡ್ಕೊಂಡು ಕಾಯ್ತಿದಾನೆ."

"ಬೇಡ ಬಿಡೋ," ಎಂದ ಗಟ್ಟಿಪಿಂಡ.

ಒಂದೇ ಸಲ ಅಂದದ್ದು. ಎರಡನೆಯ ಸಲ ಅನ್ನಲಿಲ್ಲ. ಅಂದಿದ್ದರೆ ಅವನು ಕೇಳುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು. ಅಲ್ಲಿಂದ ಗೇಟಿಗೆ ಒಂದೂಕಾಲು ಕಿಲೋಮೀಟರು. ಯಾವುದೋ ಲಾರಿ ತಿರುವಿನಲ್ಲಿ ಮರಳು ಚೆಲ್ಲಿಕೊಂಡು ಹೋಗಿತ್ತು. ಬೈಕು ಜಾರಿತು. ಇಬ್ಬರ ತಲೆಯೂ ಒಂದೇ ಕಲ್ಲಿನ ಅಂಚಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ಎರಡನೆಯ ದಿನ ಸೇಫ್ಟಿ ಸಾಹೇಬರು ಹಾಳೆ ಹಿಡಿದು ಬಂದರು. ಆಗಲೇ ಫಿಟ್ಟರನ ಹೆಂಡತಿಯ ತವರಿಗೆ ಹೋಗಿ ಸುದ್ದಿ ಮುಟ್ಟಿಸಿದ್ದವರೂ ಅವರೇ, ಕಣ್ಣು ಊದಿತ್ತು.

"ನಿಮ್ಮ ತಲೇಲಿ ಹೆಲ್ಮೆಟ್ ಇತ್ತು ಅಂತ ಆಂಬುಲೆನ್ಸಿನವರು ಬರೆದಿದ್ದಾರೆ. ಸರಿ ತಾನೆ?"

"ಇತ್ತು ಸರ್."

"ಅವರು ಹಾಕಿರಲಿಲ್ಲ?"

ಮಂಚದ ಪಕ್ಕ ನಿಂತಿದ್ದ ಹೆಂಡತಿ ಇವನ ಕಾಲಿನ ಪ್ಲಾಸ್ಟರನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊಳೆಯ ಮೇಲೆ ಏನು ನೇತಾಡುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

"ಇಲ್ಲ ಸರ್," ಎಂದ.

ಅಲ್ಲಿಗೆ ಮುಗಿದಿದ್ದರೆ ಒಂದು ಮಾತು. ಆದರೆ ಕಾರ್ಖಾನೆಯಲ್ಲಿ ಎಲ್ಲರಿಗೂ ಕೊಡುವುದು ಒಂದೇ ಥರದ ಹಳದಿ ಹೆಲ್ಮೆಟ್ಟು. ಫಿಟ್ಟರನ ಹೆಂಡತಿ ಆಗ ಮೂರು ವರ್ಷದ ಮಗಳಿಗೆ ಜ್ವರವೆಂದು ತವರಿನಲ್ಲಿದ್ದಳು. ಬಂದು ಮನೆಯಲ್ಲಿ ಹುಡುಕಿ, ಗಂಡನದು ಸಿಗದಿದ್ದರೆ ಅನುಮಾನ ಬರುವುದಿಲ್ಲವೆ? ಹಾಗಂತ ಗಟ್ಟಿಪಿಂಡನ ಹೆಂಡತಿಯ ತಲೆ ಓಡಿತು. ಹೆದರಿದವರ ತಲೆ ಎಷ್ಟು ಚುರುಕಾಗಿ ಓಡುತ್ತದೆ ನೋಡಿ. ಸಾವಿನ ಮನೆಗೆ ಜನ ಬಂದುಹೋಗುವ ಗದ್ದಲದಲ್ಲಿ ಆಕೆ ಚೀಲದಲ್ಲಿಟ್ಟುಕೊಂಡು ಹೋಗಿ, ಮೊಳೆಯ ಮೇಲಿನ ಹೆಲ್ಮೆಟ್ಟನ್ನು ಅವರ ಮನೆಯ ಚಪ್ಪಲಿ ಗೂಡಿನ ಹಿಂದೆ ಇಟ್ಟು ಬಂದಳು. ಇಟ್ಟು ಬಂದು, ಸ್ನಾನ ಮಾಡಿ, ಒಬ್ಬಳೇ ಕೂತು ಅತ್ತಳು. ಅವಳೇನು ಕೆಟ್ಟವಳಲ್ಲ.

ಫಿಟ್ಟರನ ಹೆಂಡತಿಗೆ ಅದು ಹನ್ನೆರಡನೆಯ ದಿನ ಸಿಕ್ಕಿತು. ಆವತ್ತಿನಿಂದ ಅವಳ ಬದುಕಿನಲ್ಲಿ ದುಃಖಕ್ಕಿಂತ ದೊಡ್ಡದೊಂದು ವಸ್ತು ಬಂದು ಕೂತಿತು, ಸಿಟ್ಟು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಟ್ಟಿಪಿಂಡ ಎದುರಾದರೆ ಅವಳು ಕೇಳುವುದು ಇದೊಂದನ್ನೇ.

"ಅಣ್ಣಾ, ಮನೇಲೇ ಇತ್ತು. ಕೈ ಚಾಚಿದ್ರೆ ಸಿಗ್ತಿತ್ತು. ಯಾಕೆ ಹಾಕ್ಕೊಳ್ಳಲಿಲ್ಲ ಅವರು? ನೀವಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಮರೆತಿದ್ದ ಅನ್ಸುತ್ತೆ, ತಂಗೀ."

ಅಂಗಳದಲ್ಲಿ ಇನ್ನೂರು ಜನರ ಮುಂದೆ ಒಂದೂ ಸುಳ್ಳು ಹೇಳದವನು ಅವಳೊಬ್ಬಳಿಗೆ ಮಾತ್ರ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ. ಅದೂ ತಂಗಿ ಎಂದು ಕರೆದು.

ಯಾಕೆ ಬಾಯಿ ಬಿಡಲಿಲ್ಲ ಎಂದರೆ, ಮೊದಲ ವರ್ಷ ಕೆಲಸದ ಭಯ. ಕಾಲು ಹೋದವನನ್ನು ಕಂಪನಿ ಕೈಬಿಡಲಿಲ್ಲ, ಕಾಯಂ ಮಾಡಿ ಬೆಳಕಿನ ಹಲಗೆಯ ಮುಂದೆ ಕೂರಿಸಿತು. ಬದಲಿಗೆ ಕೇಳಿದ್ದು ಸೋಮವಾರದ ಹತ್ತು ನಿಮಿಷ. ಎರಡನೆಯ ವರ್ಷದ ಹೊತ್ತಿಗೆ ಇನ್ನೊಂದು ಭಯ ಬಂತು. ಭಾಷಣ ಕೆಲಸ ಮಾಡತೊಡಗಿತ್ತು. ಸೈಕಲ್ಲಿನಲ್ಲಿ ಬರುವವರು ಕೂಡ ತಲೆಗೆ ಹಾಕತೊಡಗಿದರು. ಬೀದಿಯಲ್ಲಿ ಬರಿದಲೆಯಲ್ಲಿ ಹೊರಟವನು ಇವನನ್ನು ಕಂಡರೆ "ಅಯ್ಯೋ, ಗಟ್ಟಿಯಣ್ಣ!" ಎಂದು ನಾಲಿಗೆ ಕಚ್ಚಿ ಮೊಣಕೈಯಲ್ಲಿದ್ದದ್ದನ್ನು ತಲೆಗೇರಿಸುತ್ತಿದ್ದ. ಒಮ್ಮೆ ಲೋಡಿಂಗಿನವನೊಬ್ಬ ಬಸ್ಸಿಗೆ ಗುದ್ದಿಕೊಂಡು ಬರೀ ಭುಜದ ಮೂಳೆ ಮುರಿದುಕೊಂಡು ಪಾರಾದ. ಅವನ ತಾಯಿ ಬಂದು ಎಲ್ಲರೆದುರು ಗಟ್ಟಿಪಿಂಡನ ಕಾಲು ಮುಟ್ಟಿದಳು. ಅವನು ಹಾವು ಕಂಡವನಂತೆ ಕಾಲು ಹಿಂದಕ್ಕೆಳೆದುಕೊಂಡ. ಎಂಥ ಸಾಧು ಮನುಷ್ಯ ಎಂದು ಜನ ಮೆಚ್ಚಿದರು.

ಹೀಗೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ಹೇಳಿದರೆ ತನ್ನ ಅನ್ನ ಹೋಗುತ್ತದೆ, ಜನರ ಎಚ್ಚರವೂ ಹೋದೀತು. ಹೇಳದಿದ್ದರೆ ಗೆಳೆಯನ ತಲೆಯ ಮೇಲೆ ವಾರವಾರವೂ ಗೂಬೆ ಕೂರಿಸಬೇಕು. ಬೇರೆ ಕಡೆ ಕೆಲಸ ಹುಡುಕೋಣವೆಂದರೆ ಈ ಕಾಲಿಗೆ ಯಾರು ಕೊಡುತ್ತಾರೆ? ಭಾನುವಾರ ಸಂಜೆಯಾಯಿತೆಂದರೆ ಅವನಿಗೆ ಗಂಟಲು ಕಟ್ಟುತ್ತಿತ್ತು. ಹೆಂಡತಿ ಬಿಸಿನೀರು ತಂದು ಮುಂದಿಡುತ್ತಿದ್ದಳು. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ, ಮದುವೆಯಾದ ಹೊಸದರಲ್ಲಿ ಮಾತಾಡದೆಯೇ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುತ್ತೇವೆ ಎಂದು ಹೆಮ್ಮೆಪಟ್ಟವರು ಈಗ ಮಾತಾಡದೆಯೇ ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳುತ್ತಿದ್ದರು.

ಈ ವರ್ಷ ಸಾಹೇಬರಿಗೆ ಹುರುಪು ಜಾಸ್ತಿಯಾಗಿ, ಶಾಲೆಗಳಿಗೂ ಹೋಗೋಣ ಎಂದರು. ಮಕ್ಕಳು ಸೈಕಲ್ ಹೊಡೆಯುತ್ತಾರೆ, ಚಿಕ್ಕಂದಿನಲ್ಲೇ ಅಭ್ಯಾಸ ಆಗಲಿ. ಮೊಣಕಾಲಿನ ಪಟ್ಟಿ, ಮೊಣಕೈ ಪಟ್ಟಿ, ಬಣ್ಣಬಣ್ಣದ ಪುಟ್ಟ ಹೆಲ್ಮೆಟ್ಟು ಎಲ್ಲವನ್ನೂ ಜೀಪಿಗೆ ತುಂಬಿಸಿಕೊಂಡರು, ಗಟ್ಟಿಪಿಂಡನನ್ನೂ ತುಂಬಿಸಿಕೊಂಡರು. ಮೂರನೆಯ ಶಾಲೆಯಲ್ಲಿ ಅವನು ಒಡೆದ ಹೆಲ್ಮೆಟ್ಟು ಎತ್ತಿ ಹಿಡಿದು "ಇದು ನನ್ನ ತಲೆ ಆಗಬೇಕಿತ್ತು" ಎಂದಾಗ, ನಾಲ್ಕನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು. ಫಿಟ್ಟರನ ಮಗಳು. ಒಂಬತ್ತು ತುಂಬಿದೆ. ನಾಲಿಗೆ ತೊದಲಿತು, ಆದರೂ ಮುಗಿಸಿದ. ಸಾಹೇಬರಿಗೆ ಅವಳು ಯಾರೆಂದು ಗೊತ್ತಿರಲಿಲ್ಲ, ಎಂದಿನಂತೆ ಒಂದು ದಿನದ ಉದಾಸೀನದ ಮಾತಾಡಿದರು. ಹಿಂದಿನ ಬೆಂಚಿನಿಂದ ಯಾವುದೋ ಮಗು ಕೂಗಿತು, "ಸರ್, ಅದು ಇವಳ ಅಪ್ಪ!"

ಮಕ್ಕಳೆಲ್ಲ ತಿರುಗಿ ನೋಡಿದರು.

ಗೇಟಿನ ಹತ್ತಿರ ಜೀಪು ಹತ್ತುವಾಗ ಅವಳು ಓಡಿಬಂದಳು. ತಾಯಿ ಅಣ್ಣ ಎನ್ನುವುದರಿಂದ ಅವಳಿಗೆ ಇವನು ಮಾವ.

"ಮಾವ, ನಮ್ಮಪ್ಪ ದಡ್ಡನಾ?"

ಅವನು ಅವಳ ಜಡೆ ಮುಟ್ಟಿ, ಜೀಪು ಹತ್ತಿ, ದಾರಿಯುದ್ದಕ್ಕೂ ಮೊಣಕಾಲಿನ ಪಟ್ಟಿಗಳ ರಾಶಿಯ ಮೇಲೆ ಕೈಯಿಟ್ಟುಕೊಂಡು ಕೂತ. ಸಾಹೇಬರು ಏನೋ ಕೇಳಿದರು, ಅದೂ ಕಿವಿಗೆ ಬೀಳಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವನು ಅಂಗಿ ಹಾಕಿಕೊಂಡು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ ಅಂತ ಗೊತ್ತು. ಬೇಡ ರೀ. ಆಗಿದ್ದು ಆಗಿಹೋಯ್ತು. ಕೆಲಸ ಹೋದ್ರೆ ಏನು ಮಾಡೋದು?"

"ಹೋಗ್ಲಿ," ಎಂದ. "ಹೋದ್ರೆ ಸೋಮವಾರವೂ ಹೋಗುತ್ತಲ್ಲ."

ಫಿಟ್ಟರನ ಮನೆ ಎಂದರೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಅವಳು ಮಂಚದ ಮೇಲೆ ಕಂಬಳಿ ಹಾಸಿ ಮರುದಿನದ ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಿ ಎಂದು ಇವನೇ ಕೇಳಿಕೊಂಡ. ಆಮೇಲೆ ಹೇಳಿದ. ಮೊಳೆ, ಹಾರ್ನ್, ಎರಡು ಚುಕ್ಕೆ, ಸೇತುವೆ, ಟಕ್ಕೆಂದ ಪಟ್ಟಿ, ಒಂದೇ ಸಲ ಹೇಳಿದ ಬೇಡ. ಏನನ್ನೂ ಬಿಡಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿದಳು.

"ಅಂದ್ರೆ ಮರೆತಿರಲಿಲ್ಲ."

"ಇಲ್ಲ ತಂಗೀ."

"ತಲೆ ಮೇಲೇ ಇತ್ತು."

"ಇತ್ತು."

"ತೆಗೆದ್ರು."

ಅವನು ತಲೆಯಾಡಿಸಿದ. ಅವಳು ಸಮವಸ್ತ್ರ ಮಡಿಸಿಟ್ಟು, "ಹಾಗಾದ್ರೆ ನನಗೆ ಸಿಕ್ಕಿದ್ದು?" ಎಂದು ಕೇಳಿದಳು.

"ನಂದು. ನನ್ನ ಹೆಂಡತಿ ತಂದು ಇಟ್ಟಳು."

ಅವಳು ಎದ್ದು ಒಳಗೆ ಹೋದಳು. ಏನೋ ಸರಿಸಿದ ಸದ್ದು. ಆರು ವರ್ಷದಿಂದ ದಿನಾ ನೋಡಿ ದಿನಾ ಶಪಿಸಿದ ಆ ಹೆಲ್ಮೆಟ್ಟನ್ನು ತಂದು ಇವನ ತೊಡೆಯ ಮೇಲಿಟ್ಟಳು. ಧೂಳು ಒರೆಸಿ ಇಟ್ಟುಕೊಂಡಿದ್ದಳು.

"ತಗೊಂಡು ಹೋಗಿ. ನಾಳೆ ಹೇಳಿ. ಇಲ್ಲಿ ಬಂದು ನನ್ನ ಕಿವೀಲಿ ಹೇಳಿದ್ದು ಸಾಲದು. ಅವರ ಮಾನ ಎಲ್ಲಿ ಕಳೆದ್ರೋ ಅಲ್ಲೇ ನಿಂತು ಹೇಳಿ."

ಅಣ್ಣ ಎನ್ನಲಿಲ್ಲ. ಆಮೇಲೆ ಎಂದೂ ಅನ್ನಲಿಲ್ಲ.

ಸೋಮವಾರ ಅವನು ಕಾರ್ಖಾನೆಯಲ್ಲಿನ ತನ್ನ ಸಾಮಾನಿನ ಪೆಟ್ಟಿಗೆ ಖಾಲಿ ಮಾಡಿಯೇ ಅಂಗಳಕ್ಕೆ ಬಂದ. ಊಟದ ಡಬ್ಬ, ಒಂದು ಟವಲು, ಕಣ್ಣಿಗೆ ಹಾಕುವ ಔಷಧ, ಎಲ್ಲ ಚೀಲದಲ್ಲಿ. ಹೊರಗೆ ಹಾಕುತ್ತಾರೆ, ಬೈಯುತ್ತಾರೆ, ಉಗಿಯುತ್ತಾರೆ, ಉಗಿಯಲಿ ಎಂದು ಸಿದ್ಧನಾಗಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಅದು ಬೇಕಾಗಿತ್ತು. ಒಡೆದ ಹೆಲ್ಮೆಟ್ಟನ್ನು ಎತ್ತಿ ಹಿಡಿಯದೆ, ಎದೆಗೆ ಅವಚಿಕೊಂಡು, "ಇದು ನಂದಲ್ಲ" ಎಂದು ಶುರುಮಾಡಿದ. ಮುಗಿಸುವ ಹೊತ್ತಿಗೆ ಬೆಲ್ಟುಗಳ ಸದ್ದು ಬಿಟ್ಟರೆ ಅಂಗಳದಲ್ಲಿ ಬೇರೆ ಸದ್ದಿರಲಿಲ್ಲ. ಫಿಟ್ಟರನ ಹೆಂಡತಿ ಆರು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ನಿಂತಿದ್ದಳು.

ಸಾಹೇಬರು ಕುರ್ಚಿಯಿಂದ ಎದ್ದರು. ಗಟ್ಟಿಪಿಂಡ ಕಣ್ಣು ಮುಚ್ಚಿಕೊಂಡ. ಅವರು ಬಂದು ಅವನನ್ನು ತಬ್ಬಿಕೊಂಡರು.

ಅಂಗಳ ಚಪ್ಪಾಳೆಯಿಂದ ತುಂಬಿಹೋಯಿತು. ಲೋಡಿಂಗಿನವರು ಶಿಳ್ಳೆ ಹಾಕಿದರು. "ಎಂಥ ದೋಸ್ತಿ ಗುರೂ!" ಎಂದ ಒಬ್ಬ. ಹಳೆಯ ಭಾಷಣಕ್ಕೆ ಆರು ವರ್ಷದಲ್ಲಿ ಒಂದು ದಿನವೂ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಸಾಹೇಬರು ಅವನ ಖಾಲಿ ಪೆಟ್ಟಿಗೆಯ ಕಥೆ ಕೇಳಿ ಬೆನ್ನು ತಟ್ಟಿದರು. "ಸತ್ಯ ಹೇಳಿದವರನ್ನ ಯಾರಾದ್ರೂ ತೆಗೀತಾರೇನ್ರೀ? ಹೋಗಿ, ಡಬ್ಬ ಒಳಗಿಡಿ. ಮುಂದಿನ ವಾರದಿಂದ ಇದನ್ನೇ ಹೇಳೋಣ."

ಮುಂದಿನ ವಾರ ಅವರು ಅದನ್ನು ನೀಟಾಗಿ ಬರೆದು ತಂದಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹೆಲ್ಮೆಟ್ಟು ಎತ್ತಬೇಕು, ಟಕ್ ಎನ್ನುವುದನ್ನು ಹೇಗೆ ಹೇಳಬೇಕು, ಎಲ್ಲ ಇತ್ತು. ಒಬ್ಬರ ಹೆಲ್ಮೆಟ್ಟು ಇನ್ನೊಬ್ಬರಿಗೆ ಕೊಡಬಾರದು, ಇಬ್ಬರಿಗೂ ಒಂದೊಂದು ಇರಲೇಬೇಕು ಎಂಬುದು ಹೊಸ ನೀತಿ. ನೀತಿಯೇನೋ ಸರಿಯಾದದ್ದೇ, ನಾನು ಬೇಡ ಅನ್ನುವುದಿಲ್ಲ. ಎರಡನೆಯ ಸೋಮವಾರ ಹೇಳುವಾಗ ಗಟ್ಟಿಪಿಂಡನ ಗಂಟಲು ನಡುಗಿತು. ಮೂರನೆಯ ಸೋಮವಾರ ನಡುಗಬೇಕಾದ ಜಾಗ ಬಂತು ಎಂದು ಅವನಿಗೆ ಮೊದಲೇ ಗೊತ್ತಾಯಿತು. ಆವತ್ತು ಬೆಳಕಿನ ಹಲಗೆಯ ಮುಂದೆ ಕೂತವನು ಒಂದು ಗಂಟೆ ಹೊತ್ತು ಒಂದೂ ಬಾಟಲಿ ಎತ್ತಿ ಎಸೆಯಲಿಲ್ಲ. ಮೇಲ್ವಿಚಾರಕ ಬಂದು ಬೈದ ಮೇಲೆ ಎಚ್ಚರವಾಯಿತು.

ಸಾಹೇಬರ ಕೋಣೆಗೆ ಹೋದ. "ನನ್ನ ಕೈಲಿ ಆಗಲ್ಲ ಸರ್. ಒಂದು ಸಲ ಹೇಳೋಕೆ ಅಂತ ಬಂದಿದ್ದು. ಸಾಕು ಮಾಡಿ."

ಅವರು ಗೋಡೆಯ ಮೇಲಿನ ಪಟ್ಟಿ ತೋರಿಸಿದರು. ಆರು ವರ್ಷದಿಂದ ರಸ್ತೆಯಲ್ಲಿ ಸತ್ತವರ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. "ಆವತ್ತು ಅವರ ಹೆಂಡತಿ ತವರಿಗೆ ಸುದ್ದಿ ತಗೊಂಡು ಹೋಗಿದ್ದು ನಾನು. ಆ ಬಾಗಿಲು ತಟ್ಟಿದ್ದು ಈಗಲೂ ಕನಸಲ್ಲಿ ಬರುತ್ತೆ. ಇನ್ನೊಂದು ಬಾಗಿಲು ತಟ್ಟೋ ಶಕ್ತಿ ನನಗಿಲ್ಲ. ನೀವು ಬಾಯಿ ಮುಚ್ಚಿದ ಮೇಲೆ ಒಬ್ಬ ಸತ್ರೆ, ಹೇಳಿ, ಯಾರು ಹೊಣೆ?" ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ದುಷ್ಟನ ಕೈಯಿಂದ ಬಿಡಿಸಿಕೊಳ್ಳಬಹುದು, ಇಂಥವರ ಕೈಯಿಂದ ಹೇಗೆ ಬಿಡಿಸಿಕೊಳ್ಳುವುದು ಎಂದು ತಿಳಿಯದೆ ಅವನು ವಾಪಸ್ಸು ಬಂದು ಕುರ್ಚಿಯಲ್ಲಿ ಕೂತ.

ನಾಲ್ಕನೆಯ ಸೋಮವಾರಕ್ಕೆ ದೊಡ್ಡ ಆಫೀಸಿನಿಂದ ಮೂವರು ಬರುವವರಿದ್ದರು. ಹಿಂದಿನ ದಿನವೇ ಸಾಹೇಬರು ಫಿಟ್ಟರನ ಹೆಂಡತಿಗೆ ಹೇಳಿಕಳಿಸಿದ್ದರು. "ನೀವೇನೂ ಮಾತಾಡಬೇಕಾಗಿಲ್ಲಮ್ಮಾ. ಅವರ ಪಕ್ಕ ನಿಂತ್ರೆ ಸಾಕು." ಕರುಣೆಯ ಮೇಲೆ ಸಿಕ್ಕ ಕೆಲಸದವಳು ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುತ್ತಾಳೆ? ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ಬಂದು, ಕಟ್ಟೆಯ ಮೇಲೆ, ಗಟ್ಟಿಪಿಂಡನಿಂದ ಒಂದು ಮಾರು ದೂರದಲ್ಲಿ ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅತಿಥಿಗಳಿಗೆಂದು ತರಿಸಿದ ಮೈಕು ಹಿಡಿದು ಅವನು ಶುರುಮಾಡಿದ. ಮೊಳೆ ಬಂತು, ಹಾರ್ನ್ ಬಂತು, ಚುಕ್ಕೆ ಬಂತು. ಸೇತುವೆಯ ಹತ್ತಿರ ಬೈಕು ನಿಂತಿತು. "ಆಗ ಅವನು ಹೆಲ್ಮೆಟ್ಟು ತೆಗೆದು..." ಎಂದವನು ನಿಂತುಬಿಟ್ಟ. ಮುಂದಿನ ಮಾತು ಮರೆತಿರಲಿಲ್ಲ. ಗೆಳೆಯನ ಆ ತಮಾಷೆಯನ್ನು, ಕಾವಲುಗಾರ ಪೆನ್ನು ಹಿಡಿದು ಕಾಯುವ ಮಾತನ್ನು, ಮೂರು ಸೋಮವಾರ ಜನ ನಕ್ಕ ಜಾಗದಲ್ಲಿ ಮತ್ತೆ ನಗಿಸಲು ಅವನ ಬಾಯಿ ಒಪ್ಪಲಿಲ್ಲ. ಅಂಗಳ ಕಾಯಿತು. ಮೂವರು ಅತಿಥಿಗಳು ಕಾದರು. ಸಾಹೇಬರು ಕೆಳಗಿನಿಂದ ಹಾಳೆ ತೋರಿಸಿದರು.

ಫಿಟ್ಟರನ ಹೆಂಡತಿ ಒಂದು ಹೆಜ್ಜೆ ಪಕ್ಕಕ್ಕೆ ಬಂದಳು. ಅವನ ಕೈಯಲ್ಲಿದ್ದ ಮೈಕಿನ ಹತ್ತಿರ ಬಾಯಿ ತಂದು, "ನಾನು ಪರ್ಮನೆಂಟು," ಎಂದಳು. "ನಂಗೊಂದು ಚುಕ್ಕೆ ಬಿದ್ರೆ ಗೇಟಿನವನಿಗೆ ಖುಷಿಯಾಗುತ್ತೆ ಬಿಡು."

ಗಂಡ ಹೇಳುವ ಹಾಗೆಯೇ ಹೇಳಿದಳು, "ಬಿಡು" ಎನ್ನುವಾಗ ಅದೇ ಎಳೆತ. ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು ಕೂಡ. ಅವಳು ಮೈಕಿನಿಂದ ಬಾಯಿ ತೆಗೆಯಲಿಲ್ಲ.

"ಇಷ್ಟು ಹೇಳಿದ್ರಂತೆ. ಮನೇಲಿ ಒಬ್ಬಳಿದ್ದಾಳೆ, ಮೂರು ವರ್ಷದ ಮಗು ಇದೆ ಅಂತ ಆ ಹೊತ್ತಲ್ಲಿ ಅವರಿಗೆ ನೆನಪಾಗಲಿಲ್ಲ. ಆರು ವರ್ಷ ಅವರ ಮರೆವಿಗೆ ಬೈದೆ. ಬೈದು ಬೈದು ಹೇಗೋ ಬದುಕಿದೆ. ಈಗ ಒಳ್ಳೇತನಕ್ಕೆ ಹೇಗೆ ಬೈಲಿ? ಬೈಯೋಕೂ ಆಗದ ಹಾಗೆ ಮಾಡಿಬಿಟ್ರಲ್ಲ ನೀವೆಲ್ಲ."

ಪ್ಯಾಕಿಂಗಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತಿಥಿಗಳಲ್ಲಿ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಇನ್ನಿಬ್ಬರು ಎದ್ದರು, ಆಮೇಲೆ ಅಂಗಳವೆಲ್ಲ. ಅವಳು ಅವರನ್ನು ನೋಡುತ್ತ ನಿಂತಳು. ತಾನು ಬೈದದ್ದು ಇವರಿಗೆ ಕೇಳಿಸಲಿಲ್ಲವೇ ಎಂಬಂತೆ ನೋಡಿದಳು.

ಸಾಹೇಬರು ಕಣ್ಣೊರೆಸಿಕೊಳ್ಳುತ್ತಲೇ ಕಟ್ಟೆ ಹತ್ತಿ ಬಂದರು. ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಅಂಗೈಯ ಮೇಲೆ ಹರಡಿಕೊಂಡರು.

"ಅಮ್ಮಾ, ಆ ಕೊನೇ ಮಾತು ಇನ್ನೊಂದ್ಸಲ ಹೇಳಿ. ಬರ್ಕೋತೀನಿ."

ಬೇಡ ತಂಗೀ, ಹೇಳಬೇಡ ಎಂದು ಗಟ್ಟಿಪಿಂಡನಿಗೆ ಕೂಗಬೇಕೆನಿಸಿತು. ಈ ಸಲ ಒಂದಲ್ಲ, ನೂರು ಸಲ ಬೇಡ ಅನ್ನಬೇಕೆನಿಸಿತು. ಕೂಗಿದರೆ ಮೈಕಿನಲ್ಲಿ ಕೇಳುತ್ತಿತ್ತು. ಅವಳು ಒಂದು ಸಲ ಇವನ ಮುಖ ನೋಡಿದಳು, ಒಂದು ಸಲ ಪ್ಯಾಕಿಂಗ್ ವಿಭಾಗದ ಬಾಗಿಲ ಕಡೆ ನೋಡಿದಳು. ಆಮೇಲೆ ಹೇಳಿದಳು. ಸಾಹೇಬರಿಗೆ ಬರೆದುಕೊಳ್ಳಲು ಅನುಕೂಲವಾಗುವಂತೆ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.